ದಾರಿ ಹುಡುಕುವ ನರತಂತು: ಮೇಧಾಳಿಗೆ ಒಂದು ಪತ್ರ

ಬದಿಯಡ್ಕ

ಚಿರಂಜೀವಿ ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನೀನು ಮಂಡಿಸಲಿರುವ ಸೆಮಿನಾರಿನ ಟಿಪ್ಪಣಿಯನ್ನು ಓದಿದೆ. ನರಕೋಶದಿಂದ ಹೊರಟು ಬೆಳೆಯುವ ಉದ್ದನೆಯ ಎಳೆಗಳಾದ ನರತಂತುಗಳನ್ನು ಸೆಳೆಯುವ ಪ್ರೋಟೀನುಗಳು ಒಂದು ಕಡೆ, ತಳ್ಳುವವು ಇನ್ನೊಂದು ಕಡೆ ಎಂದು ನೀನು ಹಾಕಿರುವ ಕೋಷ್ಟಕ ಪರೀಕ್ಷೆಗೆ ಸಾಕಾದೀತು. ಆದರೆ ವಿಷಯದ ಒಳಹೊಗುವ ಹಂಬಲವಿದ್ದರೆ ಅದನ್ನು ಕೈಬಿಡು. ಸಂಕೇತದ ಅರ್ಥ ತೀರ್ಮಾನವಾಗುವುದು ಅದನ್ನು ಸ್ವೀಕರಿಸುವ ಕೋಶದಲ್ಲಿ.

1994ರಲ್ಲಿ ಕೋಳಿಯ ಭ್ರೂಣದ ಮೆದುಳಿನಿಂದ ಬೇರ್ಪಡಿಸಿದ ನೆಟ್ರಿನ್ ಅನ್ನೇ ನೋಡು. ಬೆಳೆಯುತ್ತಿರುವ ಬೆನ್ನುಹುರಿಯ ತಳದ ಕೋಶಗಳು ಸ್ರವಿಸುವ ಈ ಪ್ರೋಟೀನು, ತುದಿಯಲ್ಲಿ ಡಿಸಿಸಿ ಎಂಬ ಗ್ರಾಹಕ (ಸಂಕೇತವನ್ನು ಹಿಡಿಯುವ ಪ್ರೋಟೀನು) ಇರುವ ತಂತುವನ್ನು ತನ್ನತ್ತ ಸೆಳೆಯುತ್ತದೆ. ಜೊತೆಗೆ ಯುಎನ್‌ಸಿ5 ಗ್ರಾಹಕವೂ ಇದ್ದರೆ ಅದೇ ನೆಟ್ರಿನ್ ತಂತುವನ್ನು ದೂರ ತಳ್ಳುತ್ತದೆ. ಕಪ್ಪೆಯ ನರಕೋಶಗಳ ಮೇಲೆ 1997ರಲ್ಲಿ ನಡೆದ ಪ್ರಯೋಗ ಇನ್ನೂ ಸೋಜಿಗದ್ದು: ಕೋಶದೊಳಗೆ ಸಂದೇಶ ಸಾಗಿಸುವ ಪುಟ್ಟ ಅಣುವಾದ ಸೈಕ್ಲಿಕ್ ಎಎಂಪಿಯ ಕಾರ್ಯವನ್ನು ತಡೆದಾಗ ನೆಟ್ರಿನ್ನಿನ ಸೆಳೆತವೇ ವಿಕರ್ಷಣೆಯಾಗಿ ಮಾರ್ಪಟ್ಟಿತು. ನಿನ್ನ ಕೋಷ್ಟಕದಲ್ಲಿ ಇದನ್ನು ಯಾವ ಸಾಲಿಗೆ ಬರೆಯುತ್ತೀಯೆ?

ದೇಹದ ಎಡ ಬಲ ಭಾಗಗಳ ನಡುವಿನ ಗಡಿಯಾದ ನಡುಗೆರೆಯನ್ನು ದಾಟುವ ತಂತುಗಳ ಬಗ್ಗೆ ನೀನು ಎರಡೇ ಸಾಲು ಬರೆದಿರುವುದು ನನಗೆ ಬೇಸರ ತಂದಿತು, ಏಕೆಂದರೆ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ನಡುಗೆರೆಯ ಕೋಶಗಳು ನೆಟ್ರಿನ್ ಜೊತೆಗೆ ಸ್ಲಿಟ್ ಎಂಬ ತಳ್ಳುವ ಪ್ರೋಟೀನನ್ನೂ ಸ್ರವಿಸುತ್ತವೆ. ಹತ್ತಿರ ಬರುತ್ತಿರುವ ತಂತುವಿನಲ್ಲಿ ಸ್ಲಿಟ್‌ನ ಗ್ರಾಹಕವಾದ ರೋಬೋ ಅಡಗಿರುವುದರಿಂದ ಅದು ಸೆಳೆತವನ್ನಷ್ಟೇ ಅರಿತು ಮುಂದೆ ಸಾಗುತ್ತದೆ. ದಾಟಿದೊಡನೆ ರೋಬೋ ಹೆಚ್ಚಾಗಿ, ಸ್ಲಿಟ್ ಅದನ್ನು ಆಚೆಗೆ ತಳ್ಳಿ, ಮರಳಿ ಬಾರದಂತೆ ತಡೆಯುತ್ತದೆ. ರೋಬೋದ ಬಂಧುವಾದರೂ ದಾಟುವುದಕ್ಕೆ ನೆರವಾಗುವ ರೋಬೋ3ರ ಜೀನ್ ಮನುಷ್ಯರಲ್ಲಿ ಕೆಟ್ಟರೆ ಮಿದುಳಿನ ಬುಡದಲ್ಲಿ ದಾಟಬೇಕಾದ ತಂತುಗಳು ದಾಟುವುದಿಲ್ಲ. ಅಂಥವರಿಗೆ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಲಾಗದು, ಬಾಲ್ಯದಿಂದಲೇ ಬೆನ್ನೆಲುಬು ಬಾಗುತ್ತಾ ಹೋಗುತ್ತದೆ. ಇದು 2004ರಲ್ಲಿ ತಿಳಿದುಬಂತು.

ಕೋಶಗಳ ಚಲನೆಯನ್ನು ಬೇರೆ ಅಧ್ಯಾಯವೆಂದು ತಿಳಿಯಬೇಡ. ಸಿ. ಎಲೆಗಾನ್ಸ್ ಹುಳುವಿನಲ್ಲಿ ನೆಟ್ರಿನ್ನಿನ ಬಂಧುವಾದ ಯುಎನ್‌ಸಿ-6 ನರತಂತುಗಳಿಗೂ ವಲಸೆ ಹೋಗುವ ಕೋಶಗಳಿಗೂ ದಾರಿ ತೋರುತ್ತದೆ.

ಆದ್ದರಿಂದ ಸೆಮಿನಾರನ್ನು ಪ್ರೋಟೀನುಗಳ ಹೆಸರುಗಳಿಂದ ಆರಂಭಿಸದೆ, 1890ರಲ್ಲಿ ನರವಿಜ್ಞಾನಿ ರಮೋನ್ ಇ ಕಹಾಲ್ ವರ್ಣಿಸಿದ, 1907ರಲ್ಲಿ ಜೀವವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಅಂಗಾಂಶದಲ್ಲಿ ಜೀವಂತವಾಗಿ ಚಲಿಸುವುದನ್ನು ಕಂಡ ತಂತುವಿನ ತುದಿಯಿಂದ ಆರಂಭಿಸು. ಆ ತುದಿಗೆ ಆಕಾರ, ಚಲನೆ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕಟ್ಟಿಕೊಳ್ಳುವ, ಕಳಚಿಕೊಳ್ಳುವ ಬಗೆಯನ್ನು ನಿನ್ನ ಕೈಯಿಂದಲೇ ಚಿತ್ರಿಸು. ಕನ್ನಡ ಮಾಧ್ಯಮದಲ್ಲಿ ಓದಿದವಳು ನೀನು. ಮೊದಲ ಕರಡನ್ನು ಕನ್ನಡದಲ್ಲೇ ಬರೆದರೆ, ಎಲ್ಲಿ ಅರ್ಥವಾಗಿಲ್ಲವೋ ಅಲ್ಲಿ ವಾಕ್ಯ ತಾನಾಗಿಯೇ ನಿಂತುಬಿಡುತ್ತದೆ. ಅದನ್ನು ನನಗೆ ಕಳುಹಿಸು, ಓದಿ ತಿದ್ದಿ ಕೊಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ