ಪ್ಯಾರಾಲೀಗಲ್ ತರಬೇತಿ: ಭಾನುವಾರ ಕೂತು ಮಾತಾಡೋಣ

ಎಲ್ಲರಿಗೂ ನಮಸ್ಕಾರ. ವಕೀಲರಲ್ಲದಿದ್ದರೂ ಕಾನೂನು ಕೆಲಸದಲ್ಲಿ ಜನರಿಗೆ ನೆರವಾಗುವ ಪ್ಯಾರಾಲೀಗಲ್‌ಗಳ ಹೊಸ ಬ್ಯಾಚ್ ಶುರುವಾಗುವ ಮುಂಚೆ ನಮ್ಮ ಪಾಠಗಳನ್ನು ಸರಿ ಮಾಡಬೇಕು. ಭಾನುವಾರ ಬೆಳಿಗ್ಗೆ 10ಕ್ಕೆ ಕಾಲೇಜಿನ ಲೈಬ್ರರಿಗೆ ಬನ್ನಿ. ಗದಗದಿಂದ ಬರುವವರು ಸ್ವಲ್ಪ ತಡವಾದರೂ ಪರವಾಗಿಲ್ಲ.

ನನಗೆ ಕಂಡ ದೊಡ್ಡ ಕೊರತೆ ಒಂದೇ. ಕಲಂಗಳನ್ನು ಬಾಯಿಪಾಠ ಮಾಡಿಸಿದೆವು, ಅರ್ಜಿ ಬರೆಯುವುದನ್ನು ಕಲಿಸಲಿಲ್ಲ. ಹೋದ ತಿಂಗಳು ನವಲಗುಂದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಹೊಲದ ಉತಾರ (ಪಹಣಿ) ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇದೆಯಂತೆ. ನಮ್ಮ ಹುಡುಗರು ಪಾಪ, ಮುಖ ಮುಖ ನೋಡಿಕೊಂಡರು! ವಾರಸಾ ಮಾಡಿಸಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪ್ರಮಾಣಪತ್ರ, ವಂಶಾವಳಿ ಬೇಕು ಅನ್ನುವುದು ಯಾರ ನೋಟ್ಸಿನಲ್ಲೂ ಇರಲಿಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆ ಅಂತ ಹೇಳುವ 12ನೇ ಕಲಂ ಎಲ್ಲರಿಗೂ ಗೊತ್ತು. ಆದರೆ ಹೆಣ್ಣುಮಕ್ಕಳು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಕೇಳಬಹುದು ಅಂತ ಆ ಅಜ್ಜಿಗೆ ಒಬ್ಬರೂ ಹೇಳಲಿಲ್ಲ. ಸಹಾಯವಾಣಿ 15100 ಕೂಡ ಕೊಡಲಿಲ್ಲ. ಹಾಗಾದರೆ ಕಲಿತು ಏನು ಬಂತು, ಅಲ್ವಾ?

ಉಪನ್ಯಾಸ ಅರ್ಧಕ್ಕೆ ಇಳಿಸಿ, ಲೋಕ ಅದಾಲತ್ ಮತ್ತು ತಹಶೀಲ್ದಾರ್ ಕಚೇರಿಗೆ ಕರೆದೊಯ್ಯೋಣ ಅನ್ನುವುದು ನನ್ನ ಮಾತು. ಒಪ್ಪದವರು ಅಲ್ಲೇ ಜಗಳ ಮಾಡಿ, ಇಲ್ಲಿ ಬೇಡ. ಪ್ರತಿಯೊಬ್ಬರೂ ಕೈಯಾರೆ ಬರೆದ ಒಂದು ಅರ್ಜಿ ತನ್ನಿ. ಗಿರ್ಮಿಟ್, ಚಹಾ ನನ್ನದು.