ಅಕ್ಕನಿಗೆ, ಡಯಾಲಿಸಿಸ್ ಗೆಳೆಯರಿಗೆ ಮತ್ತು ಇವಾನ್ ಕ್ಲಾಸ್ನಿಚ್ ಅವರಿಗೆ

ನನ್ನ ಕಿಡ್ನಿ ಕಸಿಗೆ ಈ ತಿಂಗಳು ಒಂದು ವರ್ಷ ತುಂಬಿತು. ಮೊನ್ನೆಯ ತಪಾಸಣೆಯಲ್ಲಿ, ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.2 ಬಂದಿದೆ. ಈ ಕಾಯಿಲೆಯನ್ನು ಮನೆಯೊಳಗೆ ಕಂಡವರಿಗೆ ಆ ಅಂಕಿ ಎಂಥ ಸಿಹಿಸುದ್ದಿ ಎಂದು ಬಿಡಿಸಿ ಹೇಳಬೇಕಿಲ್ಲ. ಫೋನು ಮಾಡಿದವರು, ಆಸ್ಪತ್ರೆಗೆ ಊಟ ತಂದವರು, ದುಡ್ಡು ಹೊಂದಿಸಿಕೊಟ್ಟು ಮತ್ತೆ ಆ ಮಾತೇ ಎತ್ತದವರು, ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪಟ್ಟಿಯಲ್ಲಿ ನನ್ನ ಪರಿಚಯವೇ ಇಲ್ಲದ ಒಬ್ಬರಿದ್ದಾರೆ. ಕ್ರೊವೇಷ್ಯಾ ಪರ 41 ಪಂದ್ಯ ಆಡಿ 12 ಗೋಲು ಹೊಡೆದ ಫುಟ್‌ಬಾಲ್ ಸ್ಟ್ರೈಕರ್ ಇವಾನ್ ಕ್ಲಾಸ್ನಿಚ್. ಮೊದಲು ಅವರ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಉಳಿದವರಿಗೆ ನಾನು ಯಾಕೆ ಋಣಿ ಎಂಬುದು ಅವರ ಕಥೆಯಿಂದಲೇ ನನಗೆ ಸರಿಯಾಗಿ ಅರ್ಥವಾಯಿತು.

ಕ್ಲಾಸ್ನಿಚ್ ಹುಟ್ಟಿದ್ದು 1980ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ತಾಯಿ ಕ್ರೊವೇಷ್ಯನ್ನರು. ಜರ್ಮನಿಯಲ್ಲೇ ಬೆಳೆದು ಅಲ್ಲೇ ಆಟ ಕಲಿತರೂ ಅವರು ತೊಟ್ಟದ್ದು ಕ್ರೊವೇಷ್ಯಾದ ಕೆಂಪು ಬಿಳಿ ಚೌಕುಳಿಯ ಅಂಗಿ. ಊರಿನ ಸೇಂಟ್ ಪೌಲಿ ಕ್ಲಬ್ಬಿನಲ್ಲಿ ಹೆಸರು ಮಾಡಿ, 2001ರಲ್ಲಿ ಆ ತಂಡ ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾಕ್ಕೆ ಬಡ್ತಿ ಪಡೆದಾಗ ಅದರ ಭಾಗವಾಗಿದ್ದು, ಅದೇ ವರ್ಷ ವೆರ್ಡರ್ ಬ್ರೆಮೆನ್ ಸೇರಿದರು. ಮೊದಮೊದಲು ಗಾಯಗಳು ಕಾಡಿದವು. 2003–04ರ ಋತುವಿನಲ್ಲಿ ಅವರ ಆಟ ಅರಳಿತು. ಪಕ್ಕದಲ್ಲಿ ಬ್ರೆಜಿಲ್‌ನ ಐಲ್ಟನ್. ಆ ಲೀಗಿನಲ್ಲಿ 28 ಗೋಲು ಹೊಡೆದ ಐಲ್ಟನ್ ಸುದ್ದಿಯಲ್ಲಿರುತ್ತಿದ್ದರು. ಕ್ಲಾಸ್ನಿಚ್ ರಕ್ಷಣಾ ಆಟಗಾರರನ್ನು ಬೆನ್ನ ಮೇಲೆ ಹೊತ್ತು ಚೆಂಡು ಹಿಡಿದು ನಿಲ್ಲುವ, ಗೋಲಿನ ಮುಂದೆ ಬಿದ್ದದ್ದನ್ನು ಬಿಡದ ಆಟಗಾರ. 2004ರ ಮೇ 8ರಂದು ಮ್ಯೂನಿಕ್‌ನಲ್ಲಿ ಬಯರ್ನ್ ತಂಡವನ್ನು ಅದರ ಅಂಗಳದಲ್ಲೇ 3–1ರಿಂದ ಸೋಲಿಸಿ ಬ್ರೆಮೆನ್ ಚಾಂಪಿಯನ್ ಆಯಿತು. ಮೊದಲ ಗೋಲು ಕ್ಲಾಸ್ನಿಚ್ ಅವರದು. ಆಲಿವರ್ ಕಾನ್ ಅವರಂಥ ಗೋಲ್‌ಕೀಪರ್ ಕೈಯಿಂದ ಚೆಂಡು ಜಾರಿದ ಆ ಅರೆಗಳಿಗೆಯಲ್ಲಿ ಕ್ಲಾಸ್ನಿಚ್ ಅಲ್ಲಿದ್ದರು. ಅಲ್ಲಿರುವುದೇ ಸ್ಟ್ರೈಕರ್‌ನ ಕೆಲಸ. ದೈಹಿಕ ಶಿಕ್ಷಣದ ಮೇಷ್ಟರಾಗಿ ನಾನು ಹುಡುಗರಿಗೆ ಇವತ್ತಿಗೂ ತೋರಿಸುವುದು ಆ ಗೋಲನ್ನೇ. ಕೀಪರ್ ಚೆಂಡು ಹಿಡಿದೇಬಿಡುತ್ತಾನೆ ಎಂದು ಎಲ್ಲರೂ ನಿಂತಾಗ ಒಬ್ಬ ಓಡುತ್ತಲೇ ಇರುತ್ತಾನೆ, ನೋಡಿ ಎಂದು. ಅದೇ ತಿಂಗಳು ಬ್ರೆಮೆನ್ ಜರ್ಮನ್ ಕಪ್ಪನ್ನೂ ಗೆದ್ದಿತು.

2006ರ ವಿಶ್ವಕಪ್ಪಿನಲ್ಲಿ ಕ್ರೊವೇಷ್ಯಾ ಪರ ಆಡಿದ ಕೆಲವೇ ತಿಂಗಳಲ್ಲಿ ಅವರ ಎರಡೂ ಕಿಡ್ನಿಗಳು ಕೈಕೊಟ್ಟವು. ವಯಸ್ಸು ಇನ್ನೂ 27 ತುಂಬಿರಲಿಲ್ಲ.

2007ರ ಜನವರಿಯಲ್ಲಿ ತಾಯಿ ತಮ್ಮ ಒಂದು ಕಿಡ್ನಿಯನ್ನು ಕೊಟ್ಟರು. ಮಗನ ದೇಹ ಅದನ್ನು ಒಪ್ಪಿಕೊಳ್ಳಲಿಲ್ಲ. ಇದನ್ನು ಓದುವಾಗ ಒಂದು ಸಾಲು, ಅಷ್ಟೆ. ಕಸಿ ವಾರ್ಡಿನಲ್ಲಿ ಮಲಗಿದವರಿಗೆ ಅದು ಎಂಥ ಸಾಲು ಎಂದು ಗೊತ್ತು. ಹೊರಗಿನಿಂದ ಬಂದ ಅಂಗವನ್ನು ನಮ್ಮ ರೋಗನಿರೋಧಕ ಶಕ್ತಿ ಶತ್ರುವೆಂದೇ ಎಣಿಸುತ್ತದೆ. ಅದು ತಾಯಿಯದೋ ಅಕ್ಕನದೋ ಎಂಬುದು ರಕ್ತಕಣಗಳಿಗೆ ತಿಳಿಯುವುದಿಲ್ಲ. ಅದಕ್ಕೇ ಆ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಹನ್ನೆರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು ಜೀವನಪೂರ್ತಿ ನುಂಗಬೇಕು. ಕೊಟ್ಟ ಕಿಡ್ನಿ ಹೋಯಿತೆಂದು ತಿಳಿದ ತಾಯಿಯ ಸಂಕಟವನ್ನು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಮಾರ್ಚ್ ತಿಂಗಳಲ್ಲಿ ತಂದೆ ತಮ್ಮದನ್ನು ಕೊಟ್ಟರು. ಅದು ನಿಂತಿತು. ಎರಡು ತಿಂಗಳ ಅಂತರದಲ್ಲಿ ಗಂಡ ಹೆಂಡತಿ ಇಬ್ಬರೂ ಒಬ್ಬ ಮಗನಿಗಾಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದರು. ಆ ಇಬ್ಬರಿಗೂ ನನ್ನ ನಮಸ್ಕಾರ.

ಕಸಿಯಾದ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ, ಅಂದರೆ ಬೆನ್ನಿನ ಕಡೆ ಪಕ್ಕೆಲುಬಿನ ಆಸರೆಯಲ್ಲಿ ಇಡುವುದಿಲ್ಲ. ಕೆಳಹೊಟ್ಟೆಯ ಒಂದು ಬದಿಗೆ, ಮುಂಭಾಗದಲ್ಲಿ ಕೂರಿಸುತ್ತಾರೆ. ಅಂಗೈ ಇಟ್ಟರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಮೂಳೆಯ ರಕ್ಷಣೆ ಇಲ್ಲ. ಮನೆಯಲ್ಲಿ ಮಗು ಓಡಿಬಂದು ತೊಡೆಗೆ ಅಪ್ಪಿಕೊಂಡರೂ ಕೈ ತಾನಾಗಿ ಅಲ್ಲಿಗೆ ಅಡ್ಡ ಹೋಗುತ್ತದೆ. ಇಂಥ ಜಾಗವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಮೊಣಕೈ ಮೊಣಕಾಲು ಬೀಸುವ ರಕ್ಷಣಾ ಆಟಗಾರರ ನಡುವೆ ಹೆಡರ್‌ಗೆ ಹಾರುವುದೆಂದರೆ ಏನು? ಕ್ಲಾಸ್ನಿಚ್ ಅದರ ಮೇಲೆ ವಿಶೇಷ ರಕ್ಷಾಕವಚ ಕಟ್ಟಿಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಬುಂಡೆಸ್‌ಲೀಗಾ ಅಂಗಳಕ್ಕೆ ಮರಳಿದರು. ಕಸಿಯಾಗಿ ಎಂಟು ತಿಂಗಳು. ನನಗೆ ಎಂಟನೇ ತಿಂಗಳಲ್ಲಿ ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು.

2008ರ ಯೂರೋ ಕಪ್ ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯಿತು. ಕ್ರೊವೇಷ್ಯಾದ ಮುಖ್ಯ ಸ್ಟ್ರೈಕರ್ ಎಡುವಾರ್ಡೊ ಫೆಬ್ರವರಿಯಲ್ಲೇ ಕಾಲು ಮುರಿದುಕೊಂಡು ಹೊರಗುಳಿದಿದ್ದರು. ಕೋಚ್ ಸ್ಲಾವೆನ್ ಬಿಲಿಚ್ ಅವರು ಕ್ಲಾಸ್ನಿಚ್ ಅವರನ್ನು ತಂಡಕ್ಕೆ ಕರೆದುಕೊಂಡರು. ಬದಲಿ ಕಿಡ್ನಿಯೊಂದಿಗೆ ಇಂಥ ದೊಡ್ಡ ಟೂರ್ನಿಯಲ್ಲಿ ಆಡಿದ ಮೊದಲ ಆಟಗಾರ ಅವರು. ಕರುಣೆಯಿಂದ ಕೊಟ್ಟ ಜಾಗವಲ್ಲ ಅದು. ಕ್ಲಾಗನ್‌ಫರ್ಟ್‌ನಲ್ಲಿ ಪೋಲೆಂಡ್ ಎದುರು ಪಂದ್ಯದ ಒಂದೇ ಒಂದು ಗೋಲು ಹೊಡೆದು ಅವರು ಅದನ್ನು ತೋರಿಸಿಕೊಟ್ಟರು.

ಇನ್ನು ವಿಯೆನ್ನಾದ ಕ್ವಾರ್ಟರ್ ಫೈನಲ್. ಟರ್ಕಿ ಎದುರಾಳಿ, ಜೂನ್ 20. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಭದ್ರಾವತಿಯ ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಾನು ಟಿವಿಯ ದನಿ ತಗ್ಗಿಸಿ ಕುಳಿತಿದ್ದೆ. ಆಗ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಹೆಚ್ಚುವರಿ ಅವಧಿಯೂ ಗೋಲಿಲ್ಲದೆ ಮುಗಿಯುವಂತಿತ್ತು. 119ನೇ ನಿಮಿಷದಲ್ಲಿ ಟರ್ಕಿಯ ಗೋಲ್‌ಕೀಪರ್ ರುಸ್ತು ಗೋಲು ಬಿಟ್ಟು ಅಂಚಿನವರೆಗೆ ಓಡಿ ಬಂದರು. ಕ್ರೊವೇಷ್ಯಾದ ಲೂಕಾ ಮೋಡ್ರಿಚ್ ರುಸ್ತುಗಿಂತ ಮೊದಲೇ ಚೆಂಡು ಮುಟ್ಟಿ ಒಳಕ್ಕೆ ಎತ್ತಿದರು. ಬದಲಿ ಆಟಗಾರನಾಗಿ ಬಂದಿದ್ದ ಕ್ಲಾಸ್ನಿಚ್ ತಲೆಕೊಟ್ಟು ಗೋಲಿಗೆ ಸೇರಿಸಿದರು. ಬಿಲಿಚ್ ಹುಡುಗರಂತೆ ಓಡಿದರು. ನಾನು ಕೂಗಿದ ಕೂಗಿಗೆ ಅಪ್ಪ ಎದ್ದು ಬಂದು ಲೈಟು ಹಾಕಿದರು. ಅಪ್ಪನಿಗೆ ಏನಾಯಿತೆಂದು ವಿವರಿಸುತ್ತಿರುವಾಗಲೇ ಅತ್ತ ರುಸ್ತು ಉದ್ದಕ್ಕೆ ಒದ್ದ ಚೆಂಡು ಸೆಮಿಹ್ ಷೆಂಟ್ಯುರ್ಕ್ ಕಾಲಿಗೆ ಬಿದ್ದು, ಕೊನೆಯ ಕ್ಷಣದಲ್ಲಿ ಸಮಬಲದ ಗೋಲಾಯಿತು. ಪೆನಾಲ್ಟಿಯಲ್ಲಿ ಕ್ರೊವೇಷ್ಯಾ 3–1ರಿಂದ ಸೋತಿತು. ಇತಿಹಾಸದ ಪುಟದಲ್ಲಿ ಉಳಿದದ್ದು ಟರ್ಕಿಯ ಪವಾಡ. ಆದರೆ ಅಪ್ಪ ನೀಡಿದ ಕಿಡ್ನಿಯೊಂದಿಗೆ 119ನೇ ನಿಮಿಷದಲ್ಲಿ ಗಾಳಿಗೆ ಜಿಗಿದ ಆ ಮನುಷ್ಯನನ್ನು ನಾನು ಮರೆಯಲಿಲ್ಲ.

ವರ್ಷಗಳ ನಂತರ ನನ್ನ ಸರದಿ ಬಂತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲವೂ ನಾಲ್ಕು ಗಂಟೆ. ಡಯಾಲಿಸಿಸ್‌ಗಾಗಿ ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದಲ್ಲಿ ಎರಡು ದಪ್ಪ ಸೂಜಿ. ಅದರ ಮೇಲೆ ಬೆರಳಿಟ್ಟರೆ ರಕ್ತ ಝುಂಯ್ ಎಂದು ಹರಿಯುವುದು ತಿಳಿಯುತ್ತಿತ್ತು. ರಾತ್ರಿ ಎಚ್ಚರವಾದಾಗಲೆಲ್ಲ ಅದು ಹರಿಯುತ್ತಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದಿನಕ್ಕಿಷ್ಟೇ ನೀರು ಎಂದು ಬಾಟಲಿಯಲ್ಲಿ ಅಳೆದಿಡುವುದು. ಪೊಟ್ಯಾಸಿಯಮ್ ಏರುತ್ತದೆಂದು ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ. ಹೆಂಡತಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಸಿ, ಕುದಿಸಿ ಆ ನೀರು ಬಸಿದು ಚೆಲ್ಲಿ, ಆಮೇಲೆ ಪಲ್ಯ ಮಾಡುತ್ತಿದ್ದಳು. ಅದರ ರುಚಿಯ ಬಗ್ಗೆ ನಾನು ಒಮ್ಮೆಯೂ ದೂರಲಿಲ್ಲ, ಏಕೆಂದರೆ ಅವಳೂ ಅದನ್ನೇ ಉಣ್ಣುತ್ತಿದ್ದಳು. ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಹೆಚ್ಚಿಗೆ ಹಾಕಿ ಆ ಪಲ್ಯಕ್ಕೆ ಜೀವ ಕೊಡಲು ಅವಳು ಪಟ್ಟ ಶ್ರಮಕ್ಕೆ ಧನ್ಯವಾದ ಎಂಬ ಮಾತು ಸಾಲದು.

ಆ ನಾಲ್ಕು ಗಂಟೆಗಳಲ್ಲಿ ಮೊಬೈಲ್‌ನಲ್ಲಿ ಕ್ಲಾಸ್ನಿಚ್ ಅವರ ಹಳೆಯ ಪಂದ್ಯಗಳನ್ನು ಹುಡುಕಿ ನೋಡಲು ಶುರುಮಾಡಿದೆ. ಯೂರೋ ಆದಮೇಲೆ ಅವರು ಫ್ರಾನ್ಸ್‌ನ ನಾಂಟ್‌ಗೆ ಹೋದರು, ಆ ವರ್ಷ ತಂಡ ಕೆಳದರ್ಜೆಗೆ ಇಳಿಯಿತು. 2009ರಲ್ಲಿ ಇಂಗ್ಲೆಂಡಿನ ಬೋಲ್ಟನ್ ಸೇರಿ ಪ್ರೀಮಿಯರ್ ಲೀಗ್‌ನಲ್ಲಿ ಮೂರು ಋತು ಆಡಿದರು, ಹಲವು ಸಲ ಬೆಂಚಿನಿಂದ ಎದ್ದು ಬಂದು. 2012ರಲ್ಲಿ ಬೋಲ್ಟನ್ ಕೂಡ ಇಳಿಯಿತು. ಆಮೇಲೆ ಜರ್ಮನಿಯ ಮೈನ್ಜ್‌ನಲ್ಲಿ ಬೆರಳೆಣಿಕೆಯ ಪಂದ್ಯ, 2013ರಲ್ಲಿ ನಿವೃತ್ತಿ. ಪದಕ ಎಣಿಸುವವರಿಗೆ ಈ ಭಾಗ ಸಪ್ಪೆ ಎನಿಸಬಹುದು. ನನಗೆ ಅವರ ವೃತ್ತಿಜೀವನದ ಅತ್ಯುತ್ತಮ ಭಾಗವೇ ಇದು. ಕಸಿಯಾದ ಮೇಲೆ ಐದಾರು ವರ್ಷ, ಮೂರು ದೇಶಗಳಲ್ಲಿ, ಸೋಲುವ ತಂಡಗಳಲ್ಲೂ, ಒಬ್ಬ ಸಾಧಾರಣ ಕಾರ್ಮಿಕ ಪಾಳಿಗೆ ಹೋಗುವಂತೆ ಅವರು ಅಭ್ಯಾಸಕ್ಕೆ ಹೋದರು. ಕಸಿ ಎಂದರೆ ಒಂದು ರೋಮಾಂಚನದ ಗೋಲು ಎಂದು ನಂಬಿ ಕುಳಿತಿದ್ದರೆ ನಾನು ಮೊದಲ ಸೋಂಕಿಗೇ ಕುಸಿದುಬಿಡುತ್ತಿದ್ದೆ.

ಅವರ ಕಷ್ಟ ಅಲ್ಲಿಗೆ ಮುಗಿಯಲೂ ಇಲ್ಲ. 2016ರಲ್ಲಿ ತಂದೆಯ ಕಿಡ್ನಿಯೂ ಸೋತಿತು. ಬುಂಡೆಸ್‌ಲೀಗಾ ಗೆದ್ದ ಆಟಗಾರ ಮತ್ತೆ ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತು ಕಾದರು. 2017ರಲ್ಲಿ ಮೂರನೆಯ ಕಸಿಯಾಯಿತು. ತಮ್ಮ ಕಾಯಿಲೆ ಸಕಾಲದಲ್ಲಿ ಪತ್ತೆಯಾಗಲಿಲ್ಲ ಎಂದು ಅವರು ಹೂಡಿದ್ದ ದಾವೆ ವರ್ಷಾನುಗಟ್ಟಲೆ ಎಳೆದು 2020ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ಇದನ್ನೆಲ್ಲ ಓದಿದಾಗ ನನ್ನ ಪಕ್ಕದ ಕುರ್ಚಿಯವರು, ಆಗಲೇ ಒಂದು ಕಸಿ ಕಳೆದುಕೊಂಡಿದ್ದವರು, ಫೋನನ್ನು ನನ್ನ ಕೈಯಿಂದ ಇಸಿದುಕೊಂಡು ಆ ಸುದ್ದಿಯನ್ನು ತಾವೇ ಪೂರ್ತಿ ಓದಿದರು. ಆಮೇಲೆ, "ಹಾಗಾದರೆ ಮೂರನೆಯದೂ ಉಂಟು" ಎಂದರು. ಅವರಿಗೆ ಆ ಮಾತು ಕೊಟ್ಟದ್ದಕ್ಕೆ ಕ್ಲಾಸ್ನಿಚ್ ಅವರಿಗೆ ನಾನು ಋಣಿ.

ಈಗ ಅಕ್ಕ. ರಕ್ತದ ಗುಂಪು ಹೊಂದುತ್ತದೆಂದು ತಿಳಿದ ದಿನವೇ ಅವಳು ಊರಿನಿಂದ ಬ್ಯಾಗು ಹಿಡಿದು ಬಂದಳು. ಅಡಿಕೆ ಕೊಯ್ಲಿನ ಹೊತ್ತು, ಮನೆಯಲ್ಲಿ ನೂರು ಕೆಲಸ. ಭಾವ ಅಂದರು: "ಅವಳು ತೀರ್ಮಾನ ಮಾಡಿಯಾಗಿದೆ. ನಾನು ಸಹಿ ಹಾಕುವುದಷ್ಟೇ ಬಾಕಿ." ಆ ಸಹಿಯ ಹಿಂದೆ ಎಷ್ಟು ನಿದ್ದೆಯಿಲ್ಲದ ರಾತ್ರಿಗಳಿದ್ದವೋ ಅವರೊಮ್ಮೆಯೂ ಹೇಳಲಿಲ್ಲ. ಅನುಮತಿಗಾಗಿ ಅಧಿಕಾರಿಗಳ ಮುಂದೆ ಕುಳಿತಾಗ, ಯಾರದಾದರೂ ಒತ್ತಾಯ ಇದೆಯೇ ಎಂದು ಅಕ್ಕನನ್ನು ಕೇಳಿದರು. "ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ನನ್ನನ್ನು ಯಾರು ಒತ್ತಾಯಿಸುತ್ತಾರೆ" ಎಂದಳು.

ಮನೆಗೆ ಬಂದ ಮೇಲೆ ಎಲ್ಲರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಏಳಬೇಡ, ಬಗ್ಗಬೇಡ, ಬಿಸಿಲಿಗೆ ಹೋಗಬೇಡ. ವೈದ್ಯರು ನಡೆಯಿರಿ ಎಂದಮೇಲೂ ನನಗೆ ಧೈರ್ಯ ಬರಲಿಲ್ಲ. ಅಕ್ಕನ ವಸ್ತು ಒಳಗಿದೆ, ಅದಕ್ಕೆ ಏನಾದರೂ ಆದರೆ ಅವಳ ಮುಖ ಹೇಗೆ ನೋಡಲಿ ಎಂಬ ಭಯ. ಆಗ ಅಕ್ಕನಿಗೆ ವಿಯೆನ್ನಾದ ಆ ಗೋಲನ್ನು ತೋರಿಸಿ, ಇವನ ಹೊಟ್ಟೆಯಲ್ಲಿರುವುದು ಅವನ ಅಪ್ಪನದು ಎಂದೆ. ಫುಟ್‌ಬಾಲ್ ಗೊತ್ತಿಲ್ಲದ ಅಕ್ಕ ಅದನ್ನು ಮತ್ತೆ ಹಾಕಿಸಿಕೊಂಡು ನೋಡಿದಳು. "ಅವನ ಅಪ್ಪ ಎಷ್ಟು ಖುಷಿ ಪಟ್ಟಿರಬೇಕು! ನಾನು ಕೊಟ್ಟಿದ್ದು ನೀನು ಮಂಚದ ಮೇಲೆ ಕೂತು ಕಾಯಲಿ ಅಂತಲ್ಲ. ಎದ್ದು ಶಾಲೆಗೆ ಹೋಗು" ಎಂದಳು. ಮಾರನೆಯ ಬೆಳಿಗ್ಗೆ ನಾನು ಮೈದಾನದ ಅಂಚಿಗೆ ಹೋಗಿ ನಿಂತೆ.

ಸೂಜಿ ಚುಚ್ಚುವ ಮುನ್ನ ಪ್ರತಿ ಸಲವೂ ಮಗಳ ಓದಿನ ವಿಷಯ ಕೇಳಿ ನನ್ನ ಗಮನ ಬೇರೆಡೆ ಸೆಳೆಯುತ್ತಿದ್ದ ಡಯಾಲಿಸಿಸ್ ತಂತ್ರಜ್ಞರಿಗೆ, ಔಷಧದ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟ ದಾದಿಗೆ, ಕಡತ ಹಿಡಿದು ನಮ್ಮೊಂದಿಗೆ ಮಹಡಿ ಮಹಡಿ ಹತ್ತಿದ ಕಸಿ ಸಂಯೋಜಕರಿಗೆ, ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಸೋಂಕಿನ ಭಯವಿದ್ದ ತಿಂಗಳುಗಳಲ್ಲಿ ಗೇಟಿನ ಆಚೆಯೇ ನಿಂತು ಮಾತಾಡಿಸಿ ಹೋದ ನನ್ನ ಹುಡುಗರಿಗೆ ಕೈಮುಗಿಯುತ್ತೇನೆ. ಮನೆಯಲ್ಲಿ ಹೊಂದುವ ದಾನಿ ಇಲ್ಲದೆ ಕಾಯುತ್ತಿರುವವರು ಬಹಳ ಮಂದಿ. ನಮ್ಮ ರಾಜ್ಯದಲ್ಲಿ ಮರಣಾನಂತರದ ಅಂಗದಾನವನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ತಮ್ಮವರನ್ನು ಕಳೆದುಕೊಂಡ ಆ ಹೊತ್ತಿನಲ್ಲಿ ಒಪ್ಪಿಗೆ ಕೊಟ್ಟ ಪ್ರತಿ ಕುಟುಂಬಕ್ಕೂ ನನ್ನ ವಾರ್ಡಿನ ಗೆಳೆಯರ ಪರವಾಗಿ ನಮಸ್ಕಾರ. ನೀವೂ ಮನೆಯಲ್ಲಿ ಈ ವಿಷಯವನ್ನು ಒಮ್ಮೆ ಮಾತಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ, ಸಂಜೆ ಪಾಳಿಯ ಡಯಾಲಿಸಿಸ್ ಗೆಳೆಯರಿಗೆ: ಈ ಶನಿವಾರ ಬರುತ್ತೇನೆ. ಬಾಗಿಲ ಹೊರಗೇ ಮಾಸ್ಕ್ ಹಾಕಿಕೊಂಡು ಕೂರುತ್ತೇನೆ, ಒಳಗೆ ಕರೆಯಬೇಡಿ. ಪೋಲೆಂಡ್ ಪಂದ್ಯವನ್ನು ನೀವಿನ್ನೂ ನೋಡಿಲ್ಲ, ಅದನ್ನು ಫೋನಿಗೆ ಹಾಕಿಕೊಂಡು ತರುತ್ತೇನೆ.