ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಸ್ಕೀಮ್ ಬೆಡ್ ಖಾಲಿ ಇಲ್ಲ ಸಾರ್

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸಾರ್. ನಾನು ಬೆಂಗಳೂರಲ್ಲಿ 30 ಬೆಡ್ಡಿನ ಒಂದು ನರ್ಸಿಂಗ್ ಹೋಮ್‌ನ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂರೋನು. ಪೇಷಂಟ್ ಬದಲು ಸರ್ಕಾರ ಬಿಲ್ ಕಟ್ಟೋ ಸ್ಕೀಮ್ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾದಾಗಿಂದ ಅದರ ಕ್ಲೇಮ್, ಅಂದ್ರೆ ಸರ್ಕಾರಕ್ಕೆ ಕಳಿಸೋ ಬಿಲ್ಲು, ಅಪ್‌ಲೋಡ್ ಮಾಡೋದೇ ನನ್ನ ಕೆಲಸ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನೋರಿಗೆ ಪ್ಯಾಕೇಜ್ ರೇಟಲ್ಲಿ ಶೇ. 30, ಅದೂ 1.5 ಲಕ್ಷದೊಳಗೆ, ಇದೆಲ್ಲ ನಿಮಗೆ ಬಾಯಿಪಾಠ ಇರುತ್ತೆ. ಬೋರ್ಡಲ್ಲೂ ಬರೆದು ಹಾಕಿದೀರಿ. ನಾನು ಬರೀತಿರೋದು ಬೋರ್ಡಲ್ಲಿ ಇಲ್ದೇ ಇರೋ ಒಂದು ಸಾಲಿನ ಬಗ್ಗೆ: "ಸ್ಕೀಮ್ ಬೆಡ್ ಖಾಲಿ ಇಲ್ಲ."

ಈ ಸಾಲನ್ನ ನಾನೇ ಎಷ್ಟೋ ಜನಕ್ಕೆ ಹೇಳಿದೀನಿ ಸಾರ್, ಸುಳ್ಳು ಯಾಕೆ ಹೇಳ್ಲಿ. ಬೆಡ್ ಇರುತ್ತೆ. ಆದ್ರೆ ಹಳೇ ಕ್ಲೇಮ್ ದುಡ್ಡು ಬಂದಿರಲ್ಲ, ಬಂದ್ರೂ ಎಕ್ಸ್‌ರೇ ಕ್ಲಿಯರ್ ಇಲ್ಲ ಡಿಸ್ಚಾರ್ಜ್ ಫೋಟೋ ಸರಿ ಇಲ್ಲ ಅಂತ ಕ್ವೆರಿ ಮೇಲೆ ಕ್ವೆರಿ ಹಾಕಿ ಕಟ್ ಮಾಡಿರ್ತಾರೆ, ಅಷ್ಟರಲ್ಲಿ ಇಂಪ್ಲಾಂಟ್ ಏಜೆನ್ಸಿಯೋನು ಕ್ಯಾಶ್ ಕೊಟ್ರೆ ಮಾತ್ರ ಪ್ಲೇಟು ಸ್ಕ್ರೂ ಅಂತಾನೆ, ನಮ್ಮ ಡಾಕ್ಟ್ರು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಿಂದ ನರ್ಸ್‌ಗಳಿಗೆ ಸಂಬಳ ಕೊಡ್ತಾರೆ. ಆಮೇಲೆ ನನ್ನ ಹತ್ರ ಬಂದು ಮೆಲ್ಲಗೆ, "ಈ ತಿಂಗಳು ಸ್ಕೀಮ್ ಪೇಷಂಟ್ಸ್ ಕಮ್ಮಿ ಮಾಡಪ್ಪ" ಅಂತಾರೆ. ಕ್ಲೇಮ್ ಬಂದ 15 ದಿನಕ್ಕೆ ದುಡ್ಡು, ಬೇರೆ ರಾಜ್ಯದ ಕಾರ್ಡ್ ಆದ್ರೆ 30 ದಿನ ಅಂತ ಆಯುಷ್ಮಾನ್ ಭಾರತ್‌ನ ಕೇಂದ್ರದ ಸ್ಕೀಮ್ ಪಿಎಂ-ಜೆಎವೈ ಗೈಡ್‌ಲೈನ್ಸಲ್ಲೇ ಇದೆ. ಆ 15 ದಿನ ಯಾವ ಕ್ಯಾಲೆಂಡರಿಂದು ಅಂತ ತಿಳಿಸಿದ್ರೆ ನಮ್ಮ ಗೋಡೆಗೂ ಒಂದು ತಗುಲಿ ಹಾಕ್ಕೋತೀವಿ. ಸ್ಕೀಮ್ ದುಡ್ಡಲ್ಲಿ ಕೇಂದ್ರದ ಪಾಲು ಶೇ. 60 ರಾಜ್ಯದ್ದು 40, ಅವರು ಕೊಟ್ಟಿಲ್ಲ ಇವರು ಕೊಟ್ಟಿಲ್ಲ ಅನ್ನೋ ಜಗಳ ನಮ್ಮ ಕೌಂಟರ್‌ವರೆಗೂ ಯಾಕ್ ಬರ್ಬೇಕು? ದಯವಿಟ್ಟು ಬಾಕಿ ಕ್ಲೇಮ್ ದುಡ್ಡು ಕೊಡಿ.

ಇಷ್ಟು ದಿನ ನುಂಗ್ಕೊಂಡಿದ್ದೆ. ಹೋದ ತಿಂಗಳು ನಮ್ಮಮ್ಮ ಸಂಪಿನ ಹತ್ರ ಕಾಲು ಜಾರಿ ಬಿದ್ರು, ಸೊಂಟದ ಹತ್ರ ತೊಡೆ ಮೂಳೆ ಮುರೀತು. ನಮ್ಮಲ್ಲಿ ಮೂಳೆ ಡಾಕ್ಟ್ರು ಆ ವಾರ ಇರ್ಲಿಲ್ಲ. ಪಕ್ಕದ ಏರಿಯಾದ ದೊಡ್ಡ ಪ್ರೈವೇಟ್ ಆಸ್ಪತ್ರೆಗೆ ಹೋದ್ರೆ ಸ್ಕೀಮಲ್ಲಿ ಮಾಡ್ಬೇಕಂದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ತನ್ನಿ ಅಂದ್ರು. ಎಮರ್ಜೆನ್ಸಿಗೆ ರೆಫರಲ್ ಬೇಡ ಅಂತ ನನಗೂ ಗೊತ್ತು, ಆದ್ರೆ ಮೂಳೆ ಮುರಿದು ಕಿರುಚ್ತಿರೋದು ಎಮರ್ಜೆನ್ಸಿ ಹೌದೋ ಅಲ್ವೋ ಅಂತ ಹೇಳೋರೂ ಅವರೇ ಅಲ್ವಾ. ಸರಿ ಅಂತ ಸರ್ಕಾರಿ ಆಸ್ಪತ್ರೆಗೆ ಆಂಬುಲೆನ್ಸಲ್ಲೇ ಕರ್ಕೊಂಡು ಹೋದೆ. ಅಲ್ಲಿ "ನಮ್ಮಲ್ಲೇ ಮಾಡ್ತೀವಿ, ಲೆಟರ್ ಯಾಕೆ" ಅಂದ್ರು. ಯಾವಾಗ ಅಂದ್ರೆ ಆಪರೇಷನ್ ಲಿಸ್ಟ್ ಮೂರು ವಾರ ಇದೆ ಅಂದ್ರು. ಎಪ್ಪತ್ತೊಂದು ವರ್ಷದ ಮುದುಕಿ ಮೂರು ವಾರ ಮುರಿದ ಕಾಲಲ್ಲಿ ಮಲಗಿರ್ಬೇಕಂತೆ. ಸಂಜೆವರೆಗೂ ಕಾಡಿ ಬೇಡಿ ಲೆಟರ್ ತಗೊಂಡು ಟ್ರಾಫಿಕ್ಕಲ್ಲಿ ಅದೇ ದೊಡ್ಡ ಆಸ್ಪತ್ರೆಗೆ ವಾಪಸ್ ಬಂದೆ, ಅಮ್ಮ ಒಂದೊಂದು ರೋಡ್ ಹಂಪ್‌ಗೂ "ಅಯ್ಯೋ ಶಿವನೇ" ಅಂತಿದ್ರು.

ಕೌಂಟರ್‌ನಲ್ಲಿ ಕೂತಿದ್ದ ಹುಡುಗಿ ಲೆಟರ್ ನೋಡಿದ್ಲು, ಕಂಪ್ಯೂಟರ್ ನೋಡಿದ್ಲು, ನನ್ನ ಮುಖ ನೋಡ್ದೇ ಹೇಳಿದ್ಲು: "ಸ್ಕೀಮ್ ಬೆಡ್ ಖಾಲಿ ಇಲ್ಲ ಸಾರ್."

ಮುಖ ಯಾಕೆ ನೋಡ್ಲಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನೂ ನೋಡಲ್ಲ.

ಹೊರಗೆ ಹೋಗಿ ಹೆಂಡ್ತಿಗೆ ಫೋನ್ ಮಾಡ್ದೆ. ಅವಳು ಸರ ಅಡ ಇಟ್ಲು, ಚೀಟಿ ಕೂಗಿದ ದುಡ್ಡು ಸೇರಿಸಿದ್ವಿ. ಕ್ಯಾಶ್ ಅಂದ ಅರ್ಧ ಗಂಟೆಗೆ ಬೆಡ್ ಬಂತು ಸಾರ್, ಅದೇ ಫ್ಲೋರಲ್ಲಿ, ಕಿಟಕಿ ಪಕ್ಕ. ಒಟ್ಟು ಬಿಲ್ 1,85,000. ನಮ್ಮ ಬಿಪಿಎಲ್ ಕಾರ್ಡು ನನ್ನ ಜೇಬಲ್ಲೇ ಇತ್ತು.

ಕಾನೂನಿದೆ ಅಂತೀರಿ. ಪ್ರೈವೇಟ್ ಆಸ್ಪತ್ರೆಗಳ ಮೇಲಿನ ಕೆಪಿಎಂಇ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿ ಆಯ್ತು, ಆಗ ಬೆಳಗಾವಿ ಅಧಿವೇಶನದ ಹೊತ್ತಲ್ಲಿ ಡಾಕ್ಟ್ರುಗಳು ಮುಷ್ಕರ ಕೂತಿದ್ದು ನೆನಪಿರ್ಬೇಕು ನಿಮಗೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ದೂರು ಪ್ರಾಧಿಕಾರ ಇದೆ, ದೂರು ಕೊಡು ಅಂತೀರಿ. ಕೊಟ್ರೆ ಅವರು ಆ ಹುಡುಗಿಯನ್ನ ಕರ್ಸಿ ಬೈತಾರೆ. ಪ್ಯಾಕೇಜ್ ರೇಟ್ ಫಿಕ್ಸ್ ಮಾಡೋದು ಸರ್ಕಾರ, ದುಡ್ಡು ತಡ ಮಾಡೋದೂ ಸರ್ಕಾರ, ಪೇಷಂಟ್ ವಾಪಸ್ ಕಳಿಸಿದ್ರೆ ಕೇಸ್ ಮಾತ್ರ ಆಸ್ಪತ್ರೆ ಮೇಲೆ. ಆ ದೊಡ್ಡ ಆಸ್ಪತ್ರೆ ಪರ ನಾನು ವಾದ ಮಾಡ್ತಿಲ್ಲ, ಅವರಿಗೆ ಬಾಕಿ ತಡ್ಕೊಳೋ ಶಕ್ತಿ ಇದೆ, ಅವರು ಮಾಡಿದ್ದು ತಪ್ಪೇ. ಆದ್ರೆ 30 ಬೆಡ್ಡಿನೋರು ಏನ್ ಮಾಡ್ಬೇಕು? ಬಾಕಿ ದುಡ್ಡು ಕೊಡಿ. 15 ದಿನ ಅಂದ್ರೆ 15 ದಿನಕ್ಕೆ ಕೊಡಿ. ತಡ ಆದ್ರೆ ಬಡ್ಡಿ ಹಾಕಿ ಕೊಡಿ, ನಮ್ಮ ಡಾಕ್ಟ್ರು ಬ್ಯಾಂಕಿಗೆ ಕಟ್ತಿಲ್ವಾ. ಯಾವ ಆಸ್ಪತ್ರೆಗೆ ಎಷ್ಟು ಬಾಕಿ ಅಂತ ಅದೇ ಬೋರ್ಡ್ ಪಕ್ಕ ಬರೆದು ಹಾಕಿ, ಕಾರ್ಡ್ ಹಿಡ್ಕೊಂಡು ಬರೋರು ಯಾರನ್ನ ಬೈಬೇಕು ಅಂತ ನೋಡ್ಕೊಂಡು ಬೈಲಿ.

ಅಮ್ಮ ಈಗ ವಾಕರ್ ಹಿಡ್ಕೊಂಡು ಬಾತ್‌ರೂಮ್‌ವರೆಗೂ ಹೋಗ್ತಾರೆ. ಸರ ಇನ್ನೂ ಅಡದಲ್ಲೇ ಇದೆ. ನಾಳೆ ಬೆಳಿಗ್ಗೆ 8ಕ್ಕೆ ನನ್ನ ಶಿಫ್ಟು, ಕಾರ್ಡ್ ಹಿಡ್ಕೊಂಡು ಯಾರಾದ್ರೂ ಬಂದೇ ಬರ್ತಾರೆ. ಅವರಿಗೆ ಏನ್ ಹೇಳ್ಲಿ ಅಂತ ಅಷ್ಟರೊಳಗೆ ತಿಳಿಸಿ ಸಾರ್.

ಇತಿ,
ಲಗ್ಗೆರೆಯ ಒಬ್ಬ ಬಿಲ್ಲಿಂಗ್ ಕ್ಲರ್ಕ್